ರೆಫರಲ್ ಫಾರ್ಮ್‌ಗೆ ಕಾಂಟ್ಯಾಕ್ಟ್ ಫಾರ್ಮ್ 7: ದೀರ್ಘ ಬಳಕೆಯ ನಂತರದ ವಿಮರ್ಶೆ

ಹಳೆಯ ಗ್ರಾಹಕರು ತಮ್ಮ ಪರಿಚಯದವರ ವಿವರ ತುಂಬಿ ಕಳಿಸುವ ರೆಫರಲ್ ಪುಟಕ್ಕೆ ವರ್ಡ್‌ಪ್ರೆಸ್‌ನಲ್ಲಿ ಫಾರ್ಮ್ ಕಟ್ಟುವ ಪ್ಲಗಿನ್ ಆದ ಕಾಂಟ್ಯಾಕ್ಟ್ ಫಾರ್ಮ್ 7 ಸಾಕೇ? ಸಾಕು. ಪ್ಲಗಿನ್ ಉಚಿತ, ಹಗುರ, ಅಪ್‌ಡೇಟ್‌ಗಳೂ ನಿಂತಿಲ್ಲ. ಫಾರ್ಮ್ ಕಟ್ಟುವುದು ಅರ್ಧ ಗಂಟೆಯ ಕೆಲಸ. ಆದರೆ ಬಟನ್ ಒತ್ತಿದ ಮೇಲೆ ಏನಾಗಬೇಕು ಎಂಬುದನ್ನು ಬಹುಪಾಲು ನಾವೇ ಹೊಂದಿಸಿಕೊಳ್ಳಬೇಕು. ಎಡವಟ್ಟು ಆಗುವುದೆಲ್ಲ ಅಲ್ಲಿಯೇ.

ಮೊದಲು ಫಾರ್ಮ್. ಐದಾರು ಫೀಲ್ಡ್ ಮೀರಬೇಡಿ. ಟ್ಯಾಗ್‌ನಲ್ಲಿ (ಚೌಕ ಆವರಣದೊಳಗೆ ಬರೆಯುವ ಫೀಲ್ಡ್‌ನ ಕೋಡ್) ವಿಧದ ಹೆಸರಿನ ಕೊನೆಗೆ ನಕ್ಷತ್ರ ಚಿಹ್ನೆ ಅಂಟಿಸಿದರೆ ಆ ಫೀಲ್ಡ್ ಕಡ್ಡಾಯವಾಗುತ್ತದೆ. ಯಾರ ಲಿಂಕ್‌ನಿಂದ ಬಂದರು ಎಂದು ತಿಳಿಯಲು ಹಿಡನ್ (ತುಂಬುವವರಿಗೆ ಕಾಣದ) ಫೀಲ್ಡ್‌ಗೆ ‘ಡಿಫಾಲ್ಟ್:ಗೆಟ್’ ಕೊಡಿ. ಯುಆರ್‌ಎಲ್‌ನಲ್ಲಿ ಆ ಫೀಲ್ಡ್‌ನ ಹೆಸರಿನಲ್ಲೇ ರೆಫರಲ್ ಕೋಡ್ ಇದ್ದರೆ ತಾನಾಗಿ ತುಂಬಿಕೊಳ್ಳುತ್ತದೆ. ಪುಟದ ಸಿದ್ಧ ಪ್ರತಿ ಇಟ್ಟುಕೊಂಡು ಎಲ್ಲರಿಗೂ ಅದನ್ನೇ ತೋರಿಸುವ ಕ್ಯಾಶ್ ಪ್ಲಗಿನ್ ಇದ್ದಲ್ಲಿ ಹುಷಾರು: ಅದು ಯುಆರ್‌ಎಲ್‌ನ ಬಾಲವನ್ನು (ಪ್ರಶ್ನೆ ಚಿಹ್ನೆಯ ನಂತರದ ಭಾಗ) ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ಒಬ್ಬರ ಕೋಡ್ ಇನ್ನೊಬ್ಬರ ಫಾರ್ಮ್‌ನಲ್ಲಿ ಕೂತಿರುತ್ತದೆ. ಈ ಪುಟವನ್ನು ಕ್ಯಾಶ್‌ನಿಂದ ಹೊರಗಿಡಿ. ಕೋಡನ್ನು ಕುಕಿಯಲ್ಲಿ ಇಟ್ಟುಕೊಳ್ಳುವವರಿಗೂ ಒಂದು ಮಾತು: ಜಾವಾಸ್ಕ್ರಿಪ್ಟ್‌ನಿಂದ ಇಟ್ಟ ಕುಕಿಯನ್ನು ಸಫಾರಿ 7 ದಿನಕ್ಕೆ ಅಳಿಸಿಬಿಡುತ್ತದೆ. ಇನ್ನು ಫಾಂಟ್ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆ ಇದ್ದರೆ ಫೀಲ್ಡ್ ಮುಟ್ಟಿದ ಕೂಡಲೇ ಐಫೋನ್ ಪುಟವನ್ನು ಜೂಮ್ ಮಾಡುತ್ತದೆ.

ಬ್ರೌಸರ್‌ನ ಆಟೋಫಿಲ್ ಸ್ನೇಹಿತರ ಇಮೇಲ್ ಇರಬೇಕಾದ ಕಡೆ ತುಂಬುವವರದೇ ಇಮೇಲ್ ಹಾಕುವುದು ಬಹಳ ಸಾಮಾನ್ಯ. ಎರಡೂ ಒಂದೇ ಆಗಿದ್ದರೆ ಫಾರ್ಮ್ ತಡೆಯುವಂತೆ ವ್ಯಾಲಿಡೇಷನ್ ಫಿಲ್ಟರ್‌ನಲ್ಲಿ (ತುಂಬಿದ್ದನ್ನು ಪರಿಶೀಲಿಸುವ ಕೋಡ್) ನಾಲ್ಕು ಸಾಲು ಬರೆದುಕೊಳ್ಳಿ.

ಇನ್ನು ಥ್ಯಾಂಕ್ಯೂ ಪುಟ. ಬೇರೆ ಪುಟಕ್ಕೆ ಕಳಿಸುವ (ರೀಡೈರೆಕ್ಟ್) ಆಯ್ಕೆ ಸೆಟ್ಟಿಂಗ್‌ನಲ್ಲಿ ಇಲ್ಲ. ಹಳೆಯ ಟ್ಯುಟೋರಿಯಲ್‌ಗಳು ಹೇಳುವ ‘ಆನ್_ಸೆಂಟ್_ಓಕೆ’ ಎಂಬ ಸೆಟ್ಟಿಂಗ್ ತೆಗೆದುಹಾಕಿ ಬಹಳ ಕಾಲವಾಯಿತು. ಈಗ ಡಾಮ್ ಇವೆಂಟ್‌ಗಳೇ (ಫಾರ್ಮ್ ಕಳಿಸಿದಾಗ ಬ್ರೌಸರ್‌ನಲ್ಲಿ ಹೊರಡುವ ಸೂಚನೆಗಳು) ದಾರಿ. ಇಲ್ಲಿ ಇವೆಂಟ್ ಆಯ್ಕೆ ಬಹಳ ಮುಖ್ಯ. ‘ಡಬ್ಲ್ಯುಪಿಸಿಎಫ್7ಸಬ್‌ಮಿಟ್’ ಎಂಬುದು ಮೇಲ್ ಹೋಗಲಿ ಬಿಡಲಿ, ಒಂದು ಫೀಲ್ಡ್ ತಪ್ಪಿರಲಿ, ಏನೇ ಆದರೂ ಹೊರಡುತ್ತದೆ. ಅದಕ್ಕೆ ರೀಡೈರೆಕ್ಟ್ ಕಟ್ಟಿದರೆ ವಿವರ ತಲುಪದಿದ್ದರೂ ಜನ ಧನ್ಯವಾದ ಓದಿ ಹೊರಟುಹೋಗುತ್ತಾರೆ. ಕಟ್ಟಬೇಕಾದದ್ದು ಮೇಲ್ ಹೋದಾಗ ಮಾತ್ರ ಹೊರಡುವ ‘ಡಬ್ಲ್ಯುಪಿಸಿಎಫ್7ಮೇಲ್‌ಸೆಂಟ್’ಗೆ. ಸೈಟ್‌ನಲ್ಲಿ ಬೇರೆ ಫಾರ್ಮ್‌ಗಳೂ ಇದ್ದರೆ ಫಾರ್ಮ್ ಐಡಿ ಪರಿಶೀಲಿಸಿ ರೀಡೈರೆಕ್ಟ್ ಮಾಡಿ. ಈಗಿನ ಶಾರ್ಟ್‌ಕೋಡ್‌ನಲ್ಲಿ (ಪುಟದಲ್ಲಿ ಫಾರ್ಮ್ ತೋರಿಸಲು ಹಾಕುವ ಕೋಡ್) ಕಾಣುವ ಅಕ್ಷರ-ಅಂಕಿ ಮಿಶ್ರಿತ ಐಡಿ ಇಲ್ಲಿ ನಡೆಯುವುದಿಲ್ಲ. ಫಾರ್ಮ್ ಎಡಿಟ್ ಮಾಡುವಾಗ ಬ್ರೌಸರ್‌ನ ಅಡ್ರೆಸ್ ಬಾರ್‌ನಲ್ಲಿ ಕಾಣುವ ಸಂಖ್ಯೆ ಬೇಕು. ಕೋಡ್ ಸರಿಯಿದ್ದೂ ರೀಡೈರೆಕ್ಟ್ ಆಗುತ್ತಿಲ್ಲ ಎಂದಾದರೆ ಮೊದಲು ನೋಡಬೇಕಾದದ್ದು ಇದನ್ನೇ.

ಥ್ಯಾಂಕ್ಯೂ ಪುಟದ ಯುಆರ್‌ಎಲ್‌ನಲ್ಲಿ ಹೆಸರು, ಇಮೇಲ್ ದಾಟಿಸಬೇಡಿ. ಅದು ಬ್ರೌಸರ್ ಹಿಸ್ಟರಿಗೂ ಅನಾಲಿಟಿಕ್ಸ್‌ಗೂ ಸೇರಿಹೋಗುತ್ತದೆ. ಪುಟ ಗೂಗಲ್‌ನಂಥ ಹುಡುಕಾಟದಲ್ಲಿ ಬರದಂತೆ ನೋಇಂಡೆಕ್ಸ್ ಹಾಕಿ. ಮುಂದೇನು, ಯಾರು ಯಾವಾಗ ಸಂಪರ್ಕಿಸುತ್ತಾರೆ ಎಂದು ಎರಡು ಸಾಲಿನಲ್ಲಿ ತಿಳಿಸಿ, ಕೆಳಗೆ ಹಂಚಿಕೊಳ್ಳುವ ಲಿಂಕ್ ಕೊಟ್ಟರೆ ಆ ಪುಟದ ಕೆಲಸ ಮುಗಿಯಿತು. ಕನ್ವರ್ಷನ್ ಎಣಿಕೆಯನ್ನು (ಎಷ್ಟು ಶಿಫಾರಸು ಬಂದವು ಎಂಬ ಲೆಕ್ಕ) ಪುಟ ತೆರೆದದ್ದಕ್ಕೆ ಕಟ್ಟಿದರೆ ರಿಫ್ರೆಶ್ ಮಾಡಿದಾಗಲೆಲ್ಲ ಲೆಕ್ಕ ಏರುತ್ತದೆ, ಅದನ್ನೂ ಮೇಲ್‌ಸೆಂಟ್ ಇವೆಂಟ್‌ಗೇ ಕಟ್ಟಿ.

ಮೇಲ್ ಟ್ಯಾಬ್‌ನಲ್ಲಿ ‘ಫ್ರಮ್’ ವಿಳಾಸ ನಿಮ್ಮ ಡೊಮೈನ್‌ನದ್ದೇ ಇರಲಿ, ತುಂಬಿದವರ ವಿಳಾಸ ‘ರಿಪ್ಲೈ-ಟು’ ಸಾಲಿಗೆ ಹೋಗಲಿ. ಅದಲು ಬದಲಾದರೆ ಮೇಲ್ ನಿಜಕ್ಕೂ ಆ ಡೊಮೈನ್‌ನಿಂದ ಬಂದಿದೆಯೇ ಎಂದು ನೋಡುವ ಎಸ್‌ಪಿಎಫ್, ಡಿಮಾರ್ಕ್ ಪರೀಕ್ಷೆಯಲ್ಲಿ ಸೋತು ಮೇಲ್ ಸ್ಪ್ಯಾಮ್‌ಗೆ ಬೀಳುತ್ತದೆ. ಮೇಲ್ ಸರ್ವರ್‌ಗೆ ಲಾಗಿನ್ ಆಗಿ ಮೇಲ್ ಕಳಿಸುವ ಎಸ್‌ಎಮ್‌ಟಿಪಿ ಪ್ಲಗಿನ್ ಹಾಕಿಕೊಳ್ಳುವುದು ಒಳ್ಳೆಯದು.

ಫಾರ್ಮ್ ತಾನಾಗಿ ಕಳಿಸಬಲ್ಲ ಎರಡನೇ ಮೇಲ್, ‘ಮೇಲ್ (2)’ ಬಗ್ಗೆ ಮಾತ್ರ ಖಡಾಖಂಡಿತವಾಗಿ ಹೇಳಬೇಕು. ಅದನ್ನು ಸ್ನೇಹಿತರ ವಿಳಾಸಕ್ಕೆ ತಿರುಗಿಸಿ, ಜೊತೆಗೆ ‘ನಿಮ್ಮ ಸಂದೇಶ’ ಫೀಲ್ಡ್ ಇಟ್ಟರೆ ಸ್ಪ್ಯಾಮರ್‌ಗಳಿಗೆ ನಿಮ್ಮ ಸರ್ವರ್‌ನ ಕೀಲಿಕೈಯನ್ನೇ ಕೊಟ್ಟಂತೆ. ಅವರು ಯಾರ ವಿಳಾಸಕ್ಕೆ ಬೇಕಾದರೂ, ಏನು ಬೇಕಾದರೂ ನಿಮ್ಮ ಹೆಸರಿನಲ್ಲಿ ಕಳಿಸುತ್ತಾರೆ. ಹೆಸರಿನ ಫೀಲ್ಡ್‌ನಲ್ಲೇ ಲಿಂಕ್ ತುರುಕುತ್ತಾರೆ. ಒಪ್ಪಿಗೆ ಕೊಡದ ವ್ಯಕ್ತಿಗೆ ಮೇಲ್ ಕಳಿಸುವುದು ತಾನೇ ತಪ್ಪು ಎಂಬುದು ಬೇರೆ ಮಾತು. ‘ಮೇಲ್ (2)’ ಶಿಫಾರಸು ಮಾಡಿದವರಿಗೆ ಮಾತ್ರ ಹೋಗಲಿ, ಸ್ನೇಹಿತರಿಗೆ ಲಿಂಕನ್ನು ಅವರೇ ಕಳಿಸಿಕೊಳ್ಳಲಿ. ಆ ಮೇಲ್‌ನಲ್ಲೂ ಫೀಲ್ಡ್‌ಗಳ ಪಠ್ಯ ಬೇಡ. ಹೆಸರಿಗೆ ‘ಮ್ಯಾಕ್ಸ್‌ಲೆಂತ್:40’ (ಗರಿಷ್ಠ 40 ಅಕ್ಷರ) ಹಾಕಿ.

ಪ್ಲಗಿನ್ ತಾನಾಗಿ ಏನನ್ನೂ ಉಳಿಸಿಕೊಳ್ಳುವುದಿಲ್ಲ, ಮೇಲ್ ಕಳೆದರೆ ಶಿಫಾರಸೂ ಕಳೆಯಿತು. ಬಂದ ವಿವರಗಳನ್ನು ಉಳಿಸಿಡುವ, ಅದೇ ಡೆವಲಪರ್‌ನ ಫ್ಲಮಿಂಗೊ ಪ್ಲಗಿನ್ ಮೊದಲ ದಿನವೇ ಹಾಕಿ. ಷರತ್ತಿನ ಮೇಲೆ ಫೀಲ್ಡ್ ತೋರಿಸುವುದು, ‘ಇನ್ನೊಬ್ಬರನ್ನು ಸೇರಿಸಿ’ ಬಟನ್ ಇವಕ್ಕೆಲ್ಲ ಬೇರೆ ಪ್ಲಗಿನ್ ಬೇಕು. ಒಂದೇ ಸಲಕ್ಕೆ ಹತ್ತು ಜನರನ್ನು ಶಿಫಾರಸು ಮಾಡಿಸುವ ಯೋಜನೆಯಿದ್ದರೆ ಹಣ ಕೊಟ್ಟು ಕೊಳ್ಳುವ ಫಾರ್ಮ್ ಪ್ಲಗಿನ್ ಕಡೆಗೆ ಹೋಗುವುದೇ ಸರಿ.