ಇಡ್ಲಿ ಡಬ್ಬಿ, ಹಪ್ಪಳದ ಡಬ್ಬಿ ಮತ್ತು ರೇನಾಕ್ಸ್ ಡಿಸಿಆರ್-250: ಐದು ಮಳೆಗಾಲದ ಬಳಕೆಯ ನಂತರ

ಹುಳುಹುಪ್ಪಟೆಯನ್ನು ದೊಡ್ಡದಾಗಿ ತೋರಿಸುವ ಮ್ಯಾಕ್ರೋ ಲೆನ್ಸ್ ಕೊಳ್ಳಲು ದುಡ್ಡು ಸಾಲಲಿಲ್ಲ, ಅದಕ್ಕೇ ಈ ರೇನಾಕ್ಸ್ ಕೊಂಡೆ. ಸತ್ಯ ಅಷ್ಟೇ. 2019ರ ಡಿಸೆಂಬರ್ ಅದು. ನನ್ನ ಹತ್ತಿರ ಕ್ಯಾನನ್ 200ಡಿ ಕ್ಯಾಮೆರಾ, ಜೊತೆಗೆ 18-55 ಮತ್ತು 55-250 ಮಿ.ಮೀ. ಜೂಮ್ ಲೆನ್ಸ್ ಇದ್ದವು. ಒಳ್ಳೆಯ 100 ಮಿ.ಮೀ. ಮ್ಯಾಕ್ರೋ ಲೆನ್ಸ್‌ಗೆ ಕೇಳುತ್ತಿದ್ದ ಬೆಲೆಯ ಹತ್ತನೇ ಒಂದು ಭಾಗದ ಆಸುಪಾಸಿಗೆ ಈ ರೇನಾಕ್ಸ್ ಡಿಸಿಆರ್-250 ಸಿಕ್ಕಿತು. ಮೂರು ನಾಲ್ಕು ತಿಂಗಳು ಇದರಲ್ಲಿ ಕೈ ಪಳಗಿಸಿಕೊಂಡು ಆಮೇಲೆ ದೊಡ್ಡ ಲೆನ್ಸ್ ತಗೊಂಡರಾಯಿತು ಎಂದುಕೊಂಡಿದ್ದೆ. ಮುಂಬಯಿಯ ಐದು ಮಳೆಗಾಲ ಕಳೆಯಿತು. ಆ ದೊಡ್ಡ ಲೆನ್ಸ್ ಇನ್ನೂ ಬಂದಿಲ್ಲ.

ಇದು ಏನು ಅಂತ ಕೇಳುವವರಿಗೆ: ಕ್ಯಾಮೆರಾದ ಲೆನ್ಸ್ ಮುಂದೆ ಸಿಕ್ಕಿಸುವ ಭೂತಗನ್ನಡಿ. ಜಪಾನಿನದು. ಶಕ್ತಿ 8 ಡಯಾಪ್ಟರ್, ಅಂದರೆ ಫೋಕಲ್ ಲೆಂತ್ 125 ಮಿ.ಮೀ. ಈ 125 ಒಂದನ್ನು ನೆನಪಿಟ್ಟುಕೊಂಡರೆ ಉಳಿದ ಲೆಕ್ಕ ಬಾಯಲ್ಲೇ ಆಗುತ್ತದೆ. ಹಿಂದಿನ ಲೆನ್ಸಿನ ಫೋಕಸನ್ನು ಇನ್ಫಿನಿಟಿಗೆ, ಅಂದರೆ ಅತಿ ದೂರಕ್ಕೆ, ಇಟ್ಟು ಜೂಮ್ 125ಕ್ಕೆ ತಂದರೆ ಹುಳುವಿನ ಚಿತ್ರ ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ ಮೇಲೆ ಅದರ ನಿಜ ಗಾತ್ರದಲ್ಲೇ ಬೀಳುತ್ತದೆ. 250ಕ್ಕೆ ತಂದರೆ ಎರಡು ಪಟ್ಟು. ನನ್ನ ಕ್ಯಾಮೆರಾದ ಸೆನ್ಸರ್ 22.3 ಮಿ.ಮೀ. ಅಗಲ. ಹಾಗಾಗಿ ಎರಡು ಪಟ್ಟಿನಲ್ಲಿ ಬರೀ 11 ಮಿ.ಮೀ. ಜಾಗ ಇಡೀ ಚಿತ್ರವನ್ನು ತುಂಬುತ್ತದೆ. ಮನೆಯ ಗೋಡೆ ಮೇಲೆ ಟಕ್ ಟಕ್ ಅಂತ ಜಿಗಿಯುವ ಜೇಡ ಹೆಚ್ಚು ಕಡಿಮೆ ಇಷ್ಟೇ ಉದ್ದ ಇರುತ್ತದೆ.

ಇದಕ್ಕೂ ಮುಂಚೆ ನಾಲ್ಕು ಕ್ಲೋಸಪ್ ಫಿಲ್ಟರ್‌ಗಳ ಒಂದು ಅಗ್ಗದ ಸೆಟ್ ತಗೊಂಡು ಕೈ ಸುಟ್ಟುಕೊಂಡಿದ್ದೆ. ಅವು ಒಂಟಿ ಗಾಜಿನವು. ಇರುವೆಯ ಮೀಸೆಗೆಲ್ಲ ನೇರಳೆ ಅಂಚು ಬರುತ್ತಿತ್ತು, ಮೂಲೆಗಳು ಕಲಸಿದ ಹಾಗೆ ಕಾಣುತ್ತಿದ್ದವು. ರೇನಾಕ್ಸ್‌ನಲ್ಲಿ ಮೂರು ಗಾಜುಗಳಿವೆ. ವ್ಯತ್ಯಾಸ ಮೊದಲ ದಿನವೇ ಕಂಡಿತು. ಇನ್ನೊಂದು ಲಾಭ, ಕ್ಯಾಮೆರಾಗೂ ಲೆನ್ಸ್‌ಗೂ ನಡುವೆ ಎಕ್ಸ್‌ಟೆನ್ಶನ್ ಟ್ಯೂಬ್ ಎಂಬ ಕೊಳವೆ ಹಾಕಿದಾಗ ಬೆಳಕು ಕಡಿಮೆಯಾಗುತ್ತದೆ, ಇದರಲ್ಲಿ ಆಗುವುದಿಲ್ಲ.

ನಿಜವಾದ ಬಳಕೆ ಶುರುವಾಗಿದ್ದು ಲಾಕ್‌ಡೌನ್‌ನಲ್ಲಿ. 2020ರ ಮಾರ್ಚ್ ಕೊನೆಗೆ ಊರೆಲ್ಲ ಬಾಗಿಲು ಹಾಕಿತಲ್ಲ, ನಮ್ಮ ಮುಲುಂಡಿನ ಎರಡನೇ ಮಹಡಿಯ ಬಾಲ್ಕನಿಯೇ ನನ್ನ ಕಾಡಾಯಿತು. ಅಲ್ಲಿ ಅಮ್ಮ ಉಡುಪಿಯಿಂದ ತಂದು ನೆಟ್ಟ ಕರಿಬೇವಿನ ಗಿಡ ಇದೆ. ಒಂದು ಬೆಳಿಗ್ಗೆ ನಾನು ಅದರ ಎಲೆಗೆ ಮೂಗು ಹಚ್ಚಿ ನಿಂತಿದ್ದೆ. ಅಮ್ಮ ಬಂದು ನೋಡಿದರು.

“ಎಂತ ಮಾರಾಯ, ಕಾಗೆ ಹಿಕ್ಕೆಯದ್ದೂ ಫೋಟೋ ತೆಗೀತಿಯಾ?”

ತಪ್ಪು ಅಮ್ಮನದ್ದಲ್ಲ. ಕಾಮನ್ ಮಾರ್ಮನ್ ಚಿಟ್ಟೆಯ ಎಳೆ ಹುಳು ಇರುವುದೇ ಹಾಗೆ, ಹಕ್ಕಿ ಹಿಕ್ಕೆಯ ವೇಷ. ಕಂದು ಮೈ, ಮೇಲೆ ಬಿಳಿ ಪಟ್ಟೆ, ಜಿಡ್ಡು ಜಿಡ್ಡು ಹೊಳಪು. ಹಕ್ಕಿಗೆ ತಿನ್ನುವ ಮನಸ್ಸೇ ಬರಬಾರದು ಎಂದು. ಕೆಲವು ದಿನ ಕಳೆದು ಪೊರೆ ಬಿಟ್ಟ ಮೇಲೆ ಅದೇ ಹುಳು ಎಲೆ ಹಸಿರು ಬಣ್ಣಕ್ಕೆ ತಿರುಗುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಹಾವಿನ ನಾಲಿಗೆಯಂಥ ಕೆಂಪು ಕವಲು ಚಾಚಿ ಕೆಟ್ಟ ವಾಸನೆ ಬಿಡುತ್ತದೆ. ಇದನ್ನು ಚಿತ್ರದಲ್ಲಿ ಹಿಡಿಯಲು ನನಗೆ ನಾಲ್ಕು ದಿನ ಬೇಕಾಯಿತು. ಹುಳುವಿಗೂ ಸುಸ್ತು, ನನಗೂ ಸುಸ್ತು. ಈಗ ಆ ಥರ ಮುಟ್ಟುವುದಿಲ್ಲ, ಅದು ತಾನಾಗಿ ಚಾಚಿದರೆ ಸರಿ. ಗಿಡದ ಅರ್ಧ ಎಲೆ ಹುಳುವಿನ ಪಾಲಾಯಿತು. ಸಾರಿನ ಒಗ್ಗರಣೆಗೆ ಎಲೆ ಇಲ್ಲ ಎಂದು ಅಮ್ಮ ಗೊಣಗಿದರು. ಆದರೆ ಕಂಪ್ಯೂಟರ್ ಪರದೆ ಮೇಲೆ ಹುಳುವಿನ ಮುಖ ತೋರಿಸಿದ ಮೇಲೆ, “ಇರಲಿ, ಅದೂ ಉಣ್ಣಲಿ” ಅಂದರು. ಈಗ ಕುಂಡ ಎರಡು.

ಇನ್ನು ಬಳಸುವ ಕಷ್ಟಕ್ಕೆ ಬರೋಣ. ಮೊದಲ ವಾರ ನಿಮಗೆ ಒಂದು ಚಿತ್ರವೂ ಸರಿ ಬರುವುದಿಲ್ಲ. ಕಾರಣ, ಇದು ಹಾಕಿದ ಮೇಲೆ ಹುಳುವಿಗೂ ಗಾಜಿಗೂ ನಡುವೆ ಸುಮಾರು 12 ಸೆಂ.ಮೀ. ದೂರ ಇರಲೇಬೇಕು. ತುಸು ಹಿಂದೆ ಹೋದರೂ ಮಸುಕು, ಮುಂದೆ ಹೋದರೂ ಮಸುಕು. ಆಟೋಫೋಕಸ್ ಸುಮ್ನೆ ಗುಯ್ ಗುಯ್ ಅನ್ನುತ್ತದೆ. ಅದನ್ನು ಆಫ್ ಮಾಡಿ. ಫೋಕಸ್ ಮಾಡಬೇಕಾದ್ದು ನಿಮ್ಮ ಸೊಂಟ. ಇಡೀ ಮೈಯನ್ನು ಮೆಲ್ಲಗೆ ಮುಂದಕ್ಕೆ ತಂದು, ಕಣ್ಣು ಚುರುಕಾಗಿ ಕಂಡ ಕ್ಷಣ ಒತ್ತಬೇಕು. ಎರಡು ಪಟ್ಟಿನಲ್ಲಿ ಲೆನ್ಸ್‌ನ ಬೆಳಕಿನ ಕಿಂಡಿಯನ್ನು ಎಫ್/11ರಷ್ಟು ಕಿರಿದು ಮಾಡಿದರೂ ಸ್ಪಷ್ಟವಾಗಿ ಬರುವ ಆಳ ಒಂದು ಮಿಲಿಮೀಟರ್‌ಗಿಂತ ಬಹಳ ಕಡಿಮೆ. ಜೇಡದ ಕಣ್ಣು ಸಿಕ್ಕರೆ ಕಾಲು ಸಿಗುವುದಿಲ್ಲ. ಇನ್ನೂ ಕಿರಿದಾದ ಎಫ್/22ಕ್ಕೆ ಹೋದರೆ ಆಳ ಜಾಸ್ತಿ ಆಗುತ್ತದೆ, ಆದರೆ ಡಿಫ್ರಾಕ್ಷನ್‌ನಿಂದ, ಅಂದರೆ ಕಿರಿ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ, ಇಡೀ ಚಿತ್ರವೇ ಮೆತ್ತಗಾಗುತ್ತದೆ. ನಾನು ಎಫ್/11 ಬಿಟ್ಟು ಕದಲುವುದಿಲ್ಲ. ನೂರು ಒತ್ತಿದರೆ ಐದೋ ಆರೋ ಉಳಿಯುತ್ತವೆ. ಅಷ್ಟು ಸಾಕು.

ಎಡಗೈಯಲ್ಲಿ ಎಲೆಯ ತೊಟ್ಟು ಹಿಡಿದು, ಅದೇ ಕೈ ಮೇಲೆ ಲೆನ್ಸ್ ಊರಿದರೆ ಕ್ಯಾಮೆರಾ ಮತ್ತು ಎಲೆ ಒಟ್ಟಿಗೇ ಅಲ್ಲಾಡುತ್ತವೆ. ಗಾಳಿಯ ಕಾಟ ಅರ್ಧ ಕಡಿಮೆ. ಟ್ರೈಪಾಡ್ ಮನೆಯಲ್ಲಿ ಧೂಳು ತಿನ್ನುತ್ತಿದೆ.

ಬೆಳಕಿನ ವಿಚಾರ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ನನ್ನ ಮೊದಲ ವರ್ಷದ ಚಿತ್ರಗಳು ಹಾಳಾಗಿದ್ದು ಇಲ್ಲೇ. ತಪ್ಪು ಲೆನ್ಸ್‌ನದು ಎಂದುಕೊಂಡಿದ್ದೆ. ಬಿಸಿಲಲ್ಲಿ ತೆಗೆದರೆ ಜೀರುಂಡೆಯ ಬೆನ್ನಿನ ಮೇಲೆ ಬೆಳ್ಳಗೆ ಸುಟ್ಟ ಚುಕ್ಕೆ. ನೆರಳಲ್ಲಿ ತೆಗೆದರೆ ಕೈ ನಡುಗಿ ಮಸುಕು. ಫ್ಲ್ಯಾಶ್ ಬೇಕೇ ಬೇಕು, ಆದರೆ ಬರೀ ಫ್ಲ್ಯಾಶ್ ಹಾಕಿದರೆ ಹುಳು ಪೊಲೀಸ್ ಠಾಣೆಯಲ್ಲಿ ಫೋಟೋ ತೆಗೆಸಿಕೊಂಡ ಹಾಗೆ ಕಾಣುತ್ತದೆ. ನಡುವೆ ಬೆಳಕನ್ನು ಹರಡುವ ಬಿಳಿ ಪರದೆ ಬೇಕು. ಹಾಲಿನ ಪ್ಯಾಕೆಟ್ ನೋಡಿದೆ, ಟ್ರೇಸಿಂಗ್ ಪೇಪರ್ ನೋಡಿದೆ, ಥರ್ಮೋಕೋಲ್ ತಟ್ಟೆ ನೋಡಿದೆ. ಕೊನೆಗೆ ಕೈ ಹಿಡಿದಿದ್ದು ಮಾಟುಂಗಾದ ಉಡುಪಿ ಹೋಟೆಲಿನಿಂದ ಇಡ್ಲಿ ಪಾರ್ಸೆಲ್ ತಂದಿದ್ದ ಬಿಳಿ ಪ್ಲಾಸ್ಟಿಕ್ ಡಬ್ಬಿ. ತಳದಲ್ಲಿ ಲೆನ್ಸ್ ತೂರುವಷ್ಟು ತೂತು ಕೊರೆದೆ. ಮೇಲ್ಭಾಗ ಫ್ಲ್ಯಾಶ್‌ಗೆ ಮುಖ ಮಾಡಿತು. ಒಳಗೆ ಒಂದು ಪದರ ಟಿಶ್ಯೂ ಪೇಪರ್. ಖರ್ಚು ಸೊನ್ನೆ, ಇಡ್ಲಿ ಲೆಕ್ಕಕ್ಕೆ ಹಿಡಿಯದಿದ್ದರೆ.

ಅವತ್ತಿನಿಂದ ನನ್ನ ಸೆಟ್ಟಿಂಗ್ ಬದಲಾಗಿಲ್ಲ. ಶಟರ್ 1/200 ಸೆಕೆಂಡ್, ಎಫ್/11, ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 200, ಫ್ಲ್ಯಾಶ್ ಮ್ಯಾನುಯಲ್‌ನಲ್ಲಿ ಪೂರ್ಣ ಶಕ್ತಿಯ 1/8ರ ಆಸುಪಾಸು. ಫ್ಲ್ಯಾಶ್ ಮಿಂಚುವ ಹೊತ್ತು ಅತಿ ಚಿಕ್ಕದು, ಹಾಗಾಗಿ ಕೈ ನಡುಕವೂ ಕಾಣುವುದಿಲ್ಲ. ಒಂದೇ ಎಡವಟ್ಟು. ಜಿಗಿಯುವ ಜೇಡದ ಮುಂದಿನ ಎರಡು ಕಣ್ಣು ದೊಡ್ಡವು, ಕನ್ನಡಿಯಷ್ಟು ನಯ. ಚಿತ್ರ ದೊಡ್ಡದು ಮಾಡಿ ನೋಡಿದರೆ ಎರಡೂ ಕಣ್ಣಲ್ಲಿ ಇಡ್ಲಿ ಡಬ್ಬಿ ಕಾಣುತ್ತದೆ!

ಈ ಕಣ್ಣುಗಳ ಬಗ್ಗೆ ಒಂದು ಮಾತು. ಒಂದೇ ಜೇಡದ ಕಣ್ಣು ಒಂದು ಚಿತ್ರದಲ್ಲಿ ಕಪ್ಪು, ಮುಂದಿನದರಲ್ಲಿ ತುಸು ತಿಳಿ ಬಣ್ಣ ಬಂದರೆ ಕ್ಯಾಮೆರಾ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ನಾನು ಆಗಿದ್ದೆ. ಜೇಡದ ಕಣ್ಣಿನ ಗಾಜು ಅಲ್ಲಾಡುವುದಿಲ್ಲ, ಒಳಗಿನ ಅಕ್ಷಿಪಟದ ಕೊಳವೆ ಅಲ್ಲಾಡುತ್ತದೆ. ಅದು ನಿಮ್ಮ ಕಡೆ ನೋಡಿದಾಗ ಕಪ್ಪು, ಆಚೆ ನೋಡಿದಾಗ ಬೇರೆ. ಅಂದರೆ ಕಣ್ಣು ಕಡುಕಪ್ಪಾಗಿ ಬಂದಿದ್ದರೆ ಅದು ನಿಮ್ಮನ್ನೇ ನೋಡುತ್ತಿತ್ತು ಎಂದರ್ಥ.

ಮುಂಬಯಿಯಲ್ಲಿ ಇದಕ್ಕೆಲ್ಲ ಜಾಗ ಎಲ್ಲಿ ಅಂತ ಊರಿನವರು ಕೇಳುತ್ತಾರೆ. ಇಲ್ಲಿ ನೂರು ಚದರ ಕಿ.ಮೀ.ಗೂ ದೊಡ್ಡದಾದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಊರಿನ ನಡುವೆಯೇ ಬಿದ್ದುಕೊಂಡಿದೆ. ಮುಲುಂಡಿನವರಿಗೆ ಅದು ಹಿತ್ತಲು. ಮಾಹಿಮ್ ಕೊಲ್ಲಿಯ ಪಕ್ಕ, ಧಾರಾವಿಗೆ ಅಂಟಿಕೊಂಡ ಮಹಾರಾಷ್ಟ್ರ ನೇಚರ್ ಪಾರ್ಕ್ ಇದೆ. ಒಂದು ಕಾಲದಲ್ಲಿ ಊರಿನ ಕಸ ಸುರಿಯುತ್ತಿದ್ದ ಜಾಗ ಅದು. ಈಗ 37 ಎಕರೆ ಮರಗಿಡ. ಹುಳುಗಳಿಗೆ ಒಳ್ಳೆಯ ಜಾಗ. ಇನ್ನು ಜೇಡದ ಹುಚ್ಚು ಇರುವವರಿಗೆ ಒಂದು ಹೆಸರು ಗೊತ್ತಿರಬೇಕು, ಐಸಿಯಸ್ ತುಕಾರಾಮಿ. ಠಾಣೆ-ಕಲ್ಯಾಣ ಕಡೆ ಸಿಕ್ಕ ಜಿಗಿಯುವ ಜೇಡ. 2021ರಲ್ಲಿ ಹೊಸ ಪ್ರಭೇದ ಎಂದು ಹೆಸರಿಟ್ಟರು. 2008ರ ನವೆಂಬರ್ 26ರ ರಾತ್ರಿ ಮುಂಬಯಿ ದಾಳಿಯ ಉಗ್ರ ಕಸಬ್‌ನನ್ನು ಬರಿಗೈಯಲ್ಲಿ ಹಿಡಿದು ಗುಂಡಿಗೆ ಎದೆಕೊಟ್ಟ ಪೊಲೀಸ್ ತುಕಾರಾಮ್ ಓಂಬ್ಳೆ ಅವರ ಹೆಸರು. ನನಗೆ ಅದು ಇನ್ನೂ ಕಂಡಿಲ್ಲ. ಪ್ರತಿ ಗೋಡೆ ಮೇಲೂ ಹುಡುಕುತ್ತೇನೆ.

ನನ್ನ ಕಣ್ಣಿಗೆ ಬಿದ್ದ ದೊಡ್ಡ ಬೇಟೆ ಬೇರೆ. 2022ರ ಸೆಪ್ಟೆಂಬರ್, ಠಾಣೆಯ ಯೇವೂರ್. ಒಂದು ಮಾವಿನ ಗಿಡದ ತುಂಬ ಎಲೆ ಹೊಲಿದು ಗೂಡು ಮಾಡಿದ ಚಗಳಿ ಇರುವೆಗಳು. ಸರದಿಯಲ್ಲಿ ಹೋಗುತ್ತಿದ್ದ ಒಂದು ಇರುವೆ ಮಾತ್ರ ಸ್ವಲ್ಪ ತಡೆದು ತಡೆದು ನಡೆಯುತ್ತಿತ್ತು. ರೇನಾಕ್ಸ್ ಸಿಕ್ಕಿಸಿ ನೋಡಿದರೆ ಕಾಲು ಎಂಟು! ಮುಂದಿನ ಎರಡು ಕಾಲನ್ನು ಮೀಸೆಯ ಹಾಗೆ ಮೇಲೆತ್ತಿ ಆಡಿಸುತ್ತಿದೆ. ಸೊಂಟ ಇರುವೆಯದ್ದೇ, ಬಣ್ಣ ಇರುವೆಯದ್ದೇ, ಮುಖದಲ್ಲಿ ಮಾತ್ರ ಎರಡು ದುಂಡು ಕಣ್ಣು. ಇರುವೆ ವೇಷದ ಜೇಡ. ಚಗಳಿ ಇರುವೆಯ ತಂಟೆಗೆ ಯಾರೂ ಬರುವುದಿಲ್ಲ, ಅದಕ್ಕೇ ಈ ವೇಷ. ನಾನು ಹತ್ತಿರ ಹೋದಾಗ ಗಾಬರಿಯಾಗಿ ನೂಲು ಬಿಟ್ಟು ಕೆಳಗೆ ಇಳಿದು ನೇತಾಡಿತು. ಇರುವೆ ಹಾಗೆ ಮಾಡುತ್ತದೆಯೇ? ಅಲ್ಲಿಗೆ ನಾಟಕ ಮುಗಿಯಿತು. ಅಷ್ಟರಲ್ಲಿ ಅಸಲಿ ಇರುವೆಗಳು ನನ್ನ ಕುತ್ತಿಗೆ ತಲುಪಿದ್ದವು. 12 ಸೆಂ.ಮೀ. ದೂರ ಅಂದರೆ ಎಷ್ಟು ಹತ್ತಿರ ಎಂದು ಅವತ್ತು ಚೆನ್ನಾಗಿ ಅರ್ಥವಾಯಿತು.

ಅದೇ ದಿನ ವಾಪಸ್ ಬರುವಾಗ ರೇನಾಕ್ಸ್ ಬಿತ್ತು. ಇದನ್ನು ಲೆನ್ಸ್‌ಗೆ ಹಿಡಿಸಲು ಎರಡೂ ಬದಿ ಒತ್ತಿ ಸಿಕ್ಕಿಸುವ ಸ್ಪ್ರಿಂಗ್ ಕ್ಲಿಪ್ ಕೊಡುತ್ತಾರೆ. 52ರಿಂದ 67 ಮಿ.ಮೀ. ವ್ಯಾಸದ ಯಾವ ಲೆನ್ಸ್‌ಗಾದರೂ ಕೂರುತ್ತದೆ. ನಾನು ಕುತ್ತಿಗೆ ಕೆರೆದುಕೊಳ್ಳುವ ಅವಸರದಲ್ಲಿ ಒಂದೇ ಬದಿ ಸಿಕ್ಕಿಸಿದ್ದೆ. ರಸ್ತೆ ದಾಟುವಾಗ ಜಾರಿ ಗಟಾರದ ಅಂಚಿಗೆ ಹೋಗಿ ಕೂತಿತು. ಪುಣ್ಯಕ್ಕೆ ಗಾಜಿಗೆ ಏನೂ ಆಗಲಿಲ್ಲ, ಚೌಕಟ್ಟಿನ ಬಣ್ಣ ಕಿತ್ತಿತು. ಆಮೇಲೆ ಕ್ಲಿಪ್ ಬಿಟ್ಟೆ. ಗಾಜಿನ ಹಿಂದೆ 43 ಮಿ.ಮೀ. ತಿರುಪಿನ ಮರೆ ಇದೆ, ನನ್ನ 55-250ರ ಮುಂದೆ 58. ನಡುವೆ ಎರಡೂ ಅಳತೆಯನ್ನು ಜೋಡಿಸುವ ಉಂಗುರ, ಒಂದು 58-43 ಸ್ಟೆಪ್-ಡೌನ್ ರಿಂಗ್ ತಿರುಗಿಸಿದೆ. ಈಗ ಅಲ್ಲಾಡುವುದಿಲ್ಲ. ತೆಗೆದು ಹಾಕಲು ಹತ್ತು ಸೆಕೆಂಡ್ ಜಾಸ್ತಿ, ಅಷ್ಟೇ.

ಮುಂಬಯಿಯಲ್ಲಿ ಹುಳುಗಳ ಸುಗ್ಗಿ ಜೂನ್‌ನಿಂದ ಅಕ್ಟೋಬರ್. ಗಾಜಿಗೆ ಬೂಸ್ಟು ಹಿಡಿಯುವುದೂ ಆಗಲೇ. 2021ರ ಮಳೆಗಾಲ ಮುಗಿದಾಗ 55-250ರ ಒಳಗೆ ಜೇಡರ ಬಲೆಯಂಥ ಬೆಳ್ಳಗಿನ ಎಳೆಗಳು. ಜೇಡದ ಫೋಟೋ ತೆಗೆಯುವವನಿಗೆ ಇದು ಬೇಕಿತ್ತು! ರಿಪೇರಿ ಅಂಗಡಿಯವರು ಒರೆಸಿಕೊಟ್ಟರು, ಅದೂ ಮೂರು ಸಲ ಓಡಾಡಿಸಿದ ಮೇಲೆ. ರೇನಾಕ್ಸ್‌ನ ಒಳಗೆ ಏನೂ ಬಂದಿರಲಿಲ್ಲ. ಅಮ್ಮ ಹಪ್ಪಳ ಇಡುವ ಗಾಳಿಯಾಡದ ಡಬ್ಬಿ ಕೊಟ್ಟರು. “ಹಪ್ಪಳ ಮೆತ್ತಗಾಗುದಿಲ್ಲ, ನಿನ್ನ ಗಾಜಿಗೂ ಎಂತ ಆಗುದಿಲ್ಲ.” ಒಳಗೆ ಸಿಲಿಕಾ ಜೆಲ್ ಪೊಟ್ಟಣ, ತೇವ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್. ತೇವ ಶೇ. 40ರಿಂದ 50ರ ನಡುವೆ ನಿಂತರೆ ಸರಿ. ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸುತ್ತೇನೆ. ಬಾಣಲೆ ಬೇರೆಯದು, ಅಮ್ಮ ಓದಿದರೆ ಗೊತ್ತಿರಲಿ. ಎರಡು ವರ್ಷ ಲೆನ್ಸ್‌ಗೆ ಇಂಗಿನ ಘಮ ಇತ್ತು.

ಇಷ್ಟವಾಗದ್ದೂ ಇದೆ. 55ರ ಕಡೆ ಜೂಮ್ ತಂದರೆ ಚಿತ್ರದ ನಾಲ್ಕೂ ಮೂಲೆ ಕಪ್ಪಾಗುತ್ತದೆ. ಇದನ್ನು ಹಾಕಿಕೊಂಡು ದೂರದ್ದೇನೂ ತೆಗೆಯಲಾಗದು, ಹಕ್ಕಿ ಕಂಡರೆ ಮೊದಲು ಇದನ್ನು ಬಿಚ್ಚಬೇಕು. ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳ ಹುಚ್ಚಿದ್ದರೆ ಇದು ಬೇಡ. ಅಷ್ಟು ಹತ್ತಿರ ಅವು ಬಿಟ್ಟುಕೊಳ್ಳುವುದಿಲ್ಲ. ಇದೇ ಕಂಪನಿಯ ಡಿಸಿಆರ್-150 ನೋಡಿ, ಶಕ್ತಿ 4.8 ಡಯಾಪ್ಟರ್, ಸುಮಾರು 20 ಸೆಂ.ಮೀ. ದೂರ ನಿಲ್ಲಬಹುದು. ಹುಳು ಓಡಿಹೋಗುತ್ತದೆ ಎಂದು ಅದನ್ನು ಫ್ರಿಜ್‌ನಲ್ಲಿಟ್ಟು ಮರಗಟ್ಟಿಸಿ ಫೋಟೋ ತೆಗೆಯುವವರೂ ಇದ್ದಾರೆ. ಆ ಚಿತ್ರ ನೋಡಿದರೆ ಗೊತ್ತಾಗುತ್ತದೆ, ಕಾಲು ಮಡಿಚಿದ ರೀತಿಯೇ ಬೇರೆ. ದಯವಿಟ್ಟು ಬೇಡ. ಬೆಳಗ್ಗೆ ಆರೂವರೆಗೆ ಎದ್ದು ಹೋಗಿ, ಇಬ್ಬನಿ ಒಣಗುವ ತನಕ ಹುಳುಗಳು ಹೇಗೂ ನಿಧಾನ.

ಕೊಳ್ಳುವ ಮುಂಚೆ ನಿಮ್ಮ ಜೂಮ್ ಲೆನ್ಸ್‌ನ ಮೂತಿ ಮೇಲೆ ಸೊನ್ನೆಗೆ ಅಡ್ಡಗೀಟು ಎಳೆದ ಗುರುತಿನ ಪಕ್ಕ ಇರುವ ಅಂಕಿ ನೋಡಿ. ಅದು 67 ದಾಟಿದ್ದರೆ ಕ್ಲಿಪ್ ಕೂರುವುದಿಲ್ಲ. ಬರೀ 18-55 ಇದ್ದವರು ಸ್ವಲ್ಪ ತಡೆಯಿರಿ, ಮೊದಲು ಒಂದು ಹಳೆಯ 55-250 ಹುಡುಕಿ. ಕೊಳ್ಳುವಾಗ ಟಾರ್ಚ್ ಹಾಕಿ ಒಳಗೆ ಬೂಸ್ಟು ಇದೆಯಾ ಅಂತ ನೋಡಲು ಮರೆಯಬೇಡಿ, ಅದೂ ಮುಂಬಯಿಯವರು ಮಾರುತ್ತಿದ್ದರೆ.