ಪಾರ್ಕರ್ ನೌಕೆಯ ಸೋಲಾರ್ ಪ್ರೋಬ್ ಕಪ್: ದತ್ತಾಂಶ ಬಳಸಿದವರ ವಿಮರ್ಶೆ

ನಮ್ಮ ಜಿಲ್ಲೆಯ ಗೌರಿಬಿದನೂರಿನ ರೇಡಿಯೋ ದೂರದರ್ಶಕಗಳು ಸೂರ್ಯನ ಹೊರ ವಾತಾವರಣವಾದ ಕರೋನಾವನ್ನು ಹದಿನೈದು ಕೋಟಿ ಕಿಲೋಮೀಟರ್ ದೂರದಿಂದ ಗಮನಿಸುತ್ತವೆ. ಅಲ್ಲಿಂದ ಬರುವ ರೇಡಿಯೋ ಅಲೆಗಳಿಂದ ಅಲ್ಲಿನ ಎಲೆಕ್ಟ್ರಾನುಗಳ ಸಾಂದ್ರತೆಯ ಬಗ್ಗೆ ಬಹಳಷ್ಟು ತಿಳಿಯುತ್ತದೆಯಾದರೂ, ಕಣಗಳನ್ನೇ ಹಿಡಿದು ಅಳೆಯಬೇಕಾದರೆ ಅವು ಹರಿಯುವ ಜಾಗಕ್ಕೇ ಹೋಗಬೇಕು. 2018ರ ಆಗಸ್ಟ್ 12ರಂದು ಸೂರ್ಯನತ್ತ ಹೊರಟ ನಾಸಾದ ಪಾರ್ಕರ್ ನೌಕೆಯಲ್ಲಿ ಆ ಕೆಲಸ ಮಾಡುವ ಸೋಲಾರ್ ಪ್ರೋಬ್ ಕಪ್ ಎಂಬ ಉಪಕರಣದ ದತ್ತಾಂಶವನ್ನು ಚಿಕ್ಕಬಳ್ಳಾಪುರದ ನಮ್ಮ ಭೌತಶಾಸ್ತ್ರ ವಿಭಾಗದಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಬಳಸುತ್ತಿದ್ದೇವೆ.

ತತ್ವದಲ್ಲಿ ಇದು ವಿದ್ಯುದಾವೇಶವುಳ್ಳ ಕಣಗಳನ್ನು ಹಿಡಿದು ಅಳೆಯುವ ಹಳೆಯ ಫ್ಯಾರಡೆ ಕಪ್ಪೇ. ಕಪ್ಪಿನ ಜಾಲರಿಗೆ ಹೆಚ್ಚಿನ ವೋಲ್ಟೇಜ್ ಕೊಟ್ಟಾಗ, ಅದನ್ನು ದಾಟುವಷ್ಟು ಶಕ್ತಿಯುಳ್ಳ ಅಯಾನುಗಳು (ವಿದ್ಯುದಾವೇಶವುಳ್ಳ ಪರಮಾಣುಗಳು) ಮಾತ್ರ ಒಳಗಿನ ಲೋಹದ ತಟ್ಟೆಗೆ ಬಂದು ಬಡಿಯುತ್ತವೆ. ವೋಲ್ಟೇಜನ್ನು ಬದಲಿಸುತ್ತ ಅಲ್ಲಿ ಹರಿಯುವ ಅತ್ಯಲ್ಪ ವಿದ್ಯುತ್ತನ್ನು ಅಳೆದರೆ ಸೌರಮಾರುತದ, ಅಂದರೆ ಸೂರ್ಯನಿಂದ ಸದಾ ಹೊರಹರಿಯುವ ಕಣಗಳ ಪ್ರವಾಹದ, ವೇಗ, ಸಾಂದ್ರತೆ, ತಾಪಮಾನ ಮೂರೂ ದೊರೆಯುತ್ತವೆ. ತಟ್ಟೆಯನ್ನು ನಾಲ್ಕು ಭಾಗ ಮಾಡಿರುವುದರಿಂದ ಹರಿವಿನ ದಿಕ್ಕೂ ತಿಳಿಯುತ್ತದೆ.

ಇದರ ನಿಜವಾದ ಹಿರಿಮೆ ತಯಾರಿಕೆಯಲ್ಲಿದೆ. ನೌಕೆಯ ಬಹುಪಾಲು ಭಾಗ ಸುಮಾರು ಹನ್ನೊಂದೂವರೆ ಸೆಂಟಿಮೀಟರ್ ದಪ್ಪದ ಇಂಗಾಲದ ಶಾಖಕವಚದ ನೆರಳಿನಲ್ಲಿದ್ದರೆ, ಈ ಕಪ್ ಕವಚದಾಚೆ ಚಾಚಿಕೊಂಡು ಸೂರ್ಯನಿಗೆ ನೇರವಾಗಿ ಮುಖ ಮಾಡಿದೆ. ಕಪ್ಪಿನ ಹೊರಮೈ ಟೈಟಾನಿಯಂ, ಜಿರ್ಕೋನಿಯಂ, ಮಾಲಿಬ್ಡಿನಂಗಳ ಮಿಶ್ರಲೋಹದ್ದು. ಜಾಲರಿ 3,422 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಟಂಗ್‌ಸ್ಟನ್‌ನದು. ಅದರ ಗೆರೆಗಳನ್ನು ಲೇಸರ್‌ನಿಂದ ಕೊರೆಯಲಾಗದೆ ಆಮ್ಲದಿಂದ ಕೊರೆದರು. ಮಾಮೂಲಿ ತಂತಿಗಳು ಅಲ್ಲಿ ಕರಗಿಹೋಗುವುದರಿಂದ ನಿಯೋಬಿಯಂ ತಂತಿಗಳನ್ನು ನೀಲಮಣಿಯ ಹರಳಿನಿಂದ ಮಾಡಿದ ಕೊಳವೆಗಳೊಳಗೆ ಹಾಯಿಸಿದ್ದಾರೆ. ಇಷ್ಟು ಶ್ರದ್ಧೆಯಿಂದ ಮಾಡಿದ ಅಳತೆಯ ಸಾಧನವನ್ನು ನಾನು ಬೇರೆಡೆ ಕಂಡಿಲ್ಲ.

ಕೊರತೆಯೂ ಇದೆ, ಅದನ್ನು ತಿಳಿಯದೆ ಬಳಸಿದರೆ ಲೆಕ್ಕ ತಪ್ಪುತ್ತದೆ. ಕಪ್ ಸೂರ್ಯನ ದಿಕ್ಕಿನಿಂದ ಬರುವುದನ್ನಷ್ಟೇ ಚೆನ್ನಾಗಿ ಹಿಡಿಯುತ್ತದೆ. 2024ರ ಡಿಸೆಂಬರ್ 24ರಂದು ನೌಕೆ ಸೂರ್ಯನ ಮೇಲ್ಮೈಯಿಂದ 61 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋದಾಗ ಅದರ ವೇಗ ಸೆಕೆಂಡಿಗೆ ಸುಮಾರು 192 ಕಿಲೋಮೀಟರ್ ಇತ್ತು. ನೆಟ್ಟಗೆ ಸುರಿಯುವ ಮಳೆಯೂ ಓಡುವವನ ಮುಖಕ್ಕೆ ಹೊಡೆಯುವಂತೆ, ಅಂಥ ವೇಗದಲ್ಲಿ ಸೌರಮಾರುತವು ನೌಕೆಗೆ ಓರೆಯಾಗಿ ಬಂದು ಕಪ್ಪಿನ ನೋಟದಿಂದ ಜಾರಿಹೋಗುತ್ತದೆ. ಆಗ ಕವಚದ ನೆರಳಿನಲ್ಲೇ ಇರುವ ಸ್ಪ್ಯಾನ್ ಎಂಬ ಜೊತೆ ಉಪಕರಣವನ್ನು ನೆಚ್ಚಬೇಕು. ಪ್ರೋಟಾನ್ ಮತ್ತು ಹೀಲಿಯಂ ಅಯಾನುಗಳನ್ನು ಬೇರ್ಪಡಿಸುವುದರಲ್ಲಿಯೂ ಅದೇ ಮೇಲು.

ನಮ್ಮ ದೇಶದ ಆದಿತ್ಯ-ಎಲ್1 ನೌಕೆಯ ಆಸ್ಪೆಕ್ಸ್ ಮತ್ತು ಪಾಪಾ ಉಪಕರಣಗಳು ಸೌರಮಾರುತವನ್ನು ಅಳೆಯುವುದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಅಂದರೆ ಸೂರ್ಯನಿಂದ ಬಹುದೂರ, ಆದ್ದರಿಂದ ಅವನ್ನು ಇದರೊಂದಿಗೆ ಹೋಲಿಸುವುದು ನ್ಯಾಯವಲ್ಲ.

ಕಪ್ಪಿನ ದತ್ತಾಂಶದ ಕಡತಗಳು ಉಚಿತವಾಗಿ ಸಿಗುತ್ತವೆ. ಹೊಸಬರು 2018ರ ನವೆಂಬರಿನ ಮೊದಲ ಸಮೀಪಭೇಟಿಯಿಂದ ಆರಂಭಿಸುವುದು ಒಳ್ಳೆಯದು. ಆಗ ನೌಕೆಯ ವೇಗ ಇಷ್ಟಿರದ ಕಾರಣ ಹರಿವು ಕಪ್ಪಿಗೆ ಚೆನ್ನಾಗಿಯೇ ಸಿಕ್ಕಿದೆ, ಸೌರಮಾರುತದೊಳಗಿನ ಕಾಂತಕ್ಷೇತ್ರವು ಒಮ್ಮೆಲೇ ಹಿಂದಕ್ಕೆ ಮಡಚಿಕೊಳ್ಳುವಾಗ ಪ್ರೋಟಾನುಗಳ ವೇಗ ಜಿಗಿಯುವುದೂ ಗ್ರಾಫಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.