ಐ-ಸ್ಟೆಮ್: ಯಂತ್ರ ಹುಡುಕಿಕೊಡುತ್ತದೆ, ಫೋನ್ ಮಾತ್ರ ನೀವೇ ಮಾಡಬೇಕು

ಸರ್ಕಾರಿ ದುಡ್ಡಿನಲ್ಲಿ ಕೊಂಡ ಸಂಶೋಧನಾ ಉಪಕರಣ ಯಾವ ವಿಶ್ವವಿದ್ಯಾಲಯದಲ್ಲಿದೆ, ಹೊರಗಿನವರಿಗೆ ಎಷ್ಟು ಶುಲ್ಕ ಎಂದು ತೋರಿಸುವ ಪೋರ್ಟಲ್ ಐ-ಸ್ಟೆಮ್. 2020ರ ಜನವರಿಯಲ್ಲಿ ಬೆಂಗಳೂರಿನ ಕೃಷಿ ವಿವಿಯ ಜಿಕೆವಿಕೆ ಆವರಣದಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್‌ನಲ್ಲಿ ಇದರ ಉದ್ಘಾಟನೆಯಾಯಿತು. ನೋಂದಣಿ ಸುಲಭ, ಹುಡುಕಾಟವೂ ಸುಲಭ. ಧಾರವಾಡದ ಕರ್ನಾಟಕ ವಿವಿಯಂಥ ಕಡೆ ಇಂಥ ಉಪಕರಣ ಕೇಂದ್ರ ಇದೆಯೆಂದು ಪಕ್ಕದ ಜಿಲ್ಲೆಯ ಕಾಲೇಜಿಗೇ ಗೊತ್ತಿರುವುದಿಲ್ಲ. ಆ ಕೊರತೆಯನ್ನು ಪೋರ್ಟಲ್ ತುಂಬುತ್ತದೆ.

ಆದರೆ ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಯಂತ್ರ ಓಡುತ್ತಿದೆ ಎಂದಲ್ಲ. ಅನುದಾನ ಬಂದಾಗ ಯಂತ್ರ ಬರುತ್ತದೆ; ವಾರ್ಷಿಕ ನಿರ್ವಹಣೆ, ಎನ್‌ಎಂಆರ್‌ಗೆ (ಬಲವಾದ ಅಯಸ್ಕಾಂತದಿಂದ ಅಣುವಿನ ರಚನೆ ತಿಳಿಸುವ ಯಂತ್ರ) ಬೇಕಾದ ದ್ರವ ಹೀಲಿಯಂ, ಕಾಯಂ ಆಪರೇಟರ್ ಇವುಗಳಿಗೆ ಹಣ ಹೊಂದಿಸುವುದೇ ತಾಪತ್ರಯ. ಹಾಗಾಗಿ ಸ್ಯಾಂಪಲ್ ಕೊರಿಯರ್ ಮಾಡುವ ಮೊದಲು ಆಪರೇಟರ್‌ಗೇ ಫೋನ್ ಮಾಡಿ. ಶುಲ್ಕದ ದರ ಶಿಕ್ಷಣ ಸಂಸ್ಥೆಗೊಂದು, ಕೈಗಾರಿಕೆಗೊಂದು. ಜಿಎಸ್‌ಟಿ ಸೇರಿದೆಯೋ ಇಲ್ಲವೋ ಆಗಲೇ ಕೇಳಿಕೊಳ್ಳಿ. ಗೈಡ್ ಸಹಿ, ವಿಭಾಗದ ಸೀಲು ಇಲ್ಲದ ಫಾರ್ಮ್ ಸಾಮಾನ್ಯವಾಗಿ ವಾಪಸ್ ಬರುತ್ತದೆ.

ಫಲಿತಾಂಶ ಕೆಡುವುದು ಹೆಚ್ಚಾಗಿ ನಮ್ಮ ಕಡೆಯಿಂದಲೇ. ಪ್ರೋಟಾನ್ ಎನ್‌ಎಂಆರ್‌ಗೆ 5ರಿಂದ 10 ಮಿ.ಗ್ರಾಂ ಸಾಕು, ಕಾರ್ಬನ್-13ಕ್ಕೆ 30 ಮಿ.ಗ್ರಾಂ ಆದರೂ ಇರಲಿ, ಇಲ್ಲದಿದ್ದರೆ ರಾತ್ರಿಯಿಡೀ ಓಡಿಸಬೇಕಾಗುತ್ತದೆ. ಯಾವ ದ್ರಾವಕದಲ್ಲಿ ಕರಗುತ್ತದೆಂದು ಮೊದಲೇ ನೋಡಿ ಬರೆದುಕೊಡಿ. ಡಿಎಂಎಸ್‌ಒ ಎಂಬ ದ್ರಾವಕ ಬಹುತೇಕ ಎಲ್ಲವನ್ನೂ ಕರಗಿಸುತ್ತದೆ, ನಿಜ; ಆದರೆ ಗಾಳಿಯ ತೇವ ಹೀರಿ ಎನ್‌ಎಂಆರ್ ನಕ್ಷೆಯಲ್ಲಿ 3.3 ಪಿಪಿಎಂ ಹತ್ತಿರ ನೀರಿನ ಪೀಕ್ (ಮೇಲೆದ್ದ ಮೊನೆ) ತೋರಿಸುತ್ತದೆ, ಕುದಿಬಿಂದು 189 ಡಿಗ್ರಿ ಆದ್ದರಿಂದ ಸ್ಯಾಂಪಲ್ ಮರಳಿ ಪಡೆಯುವುದೂ ಕಷ್ಟ. ಎಕ್ಸ್‌-ಕಿರಣದಿಂದ ಹರಳಿನ ರಚನೆ ನೋಡುವ ಎಕ್ಸ್‌ಆರ್‌ಡಿಗೆ ಪುಡಿ ಟಾಲ್ಕಂ ಪೌಡರಿನಷ್ಟು ನುಣ್ಣಗಿರಲಿ. ತರಿ ಉಳಿದರೆ ಪೀಕ್‌ಗಳ ಎತ್ತರ ನಂಬುವಂತಿಲ್ಲ. ಎಸ್‌ಇಎಂ ಎಂಬ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವಿದ್ಯುತ್ ಹರಿಯದ ಸ್ಯಾಂಪಲ್‌ಗೆ ಚಿನ್ನದ ಲೇಪ ಕೊಡುತ್ತಾರೆ. ಅದರಲ್ಲೇ ಯಾವ ಧಾತು ಎಷ್ಟಿದೆ ಎಂದು ತೋರಿಸುವ ಇಡಿಎಸ್‌ನಿಂದ ರಂಜಕ, ಗಂಧಕ ಅಳೆಯುವುದಿದ್ದರೆ ಇಂಗಾಲದ ಲೇಪ ಕೇಳಿ. ಚಿನ್ನದ ಪೀಕ್ ಅವೆರಡರ ನಡುವೆ ಬಂದು ಕೂತುಬಿಡುತ್ತದೆ.

ವಿವಿಗಳ ವಾರ್ಷಿಕ ವರದಿಯಲ್ಲಿ ಒಡಂಬಡಿಕೆಗಳ ಪಟ್ಟಿ ಉದ್ದವಾಗುತ್ತಲೇ ಇರುತ್ತದೆ. ಮಂಗಳೂರು ವಿವಿಗೆ ಇಂದೋರಿನ ಆರ್‌ಆರ್‌ಕ್ಯಾಟ್ ಎಂಬ ಕೇಂದ್ರ ಸರ್ಕಾರಿ ಸಂಶೋಧನಾ ಸಂಸ್ಥೆಯ ನಂಟಿನಿಂದ 8 ಎಂಇವಿ ಮೈಕ್ರೋಟ್ರಾನ್ (ಎಲೆಕ್ಟ್ರಾನ್ ವೇಗವರ್ಧಕ) ಬಂದಂತೆ ಕಣ್ಣಿಗೆ ಕಾಣುವ ಪಾಲುದಾರಿಕೆ ಕಡಿಮೆ. ಒಂದು ಕೇಂದ್ರದ ನಿಜಸ್ಥಿತಿ ತಿಳಿಯಲು ಲಾಗ್‌ಬುಕ್ಕೇ ವಾಸಿ: ಹೊರಗಿನವರ ಸ್ಯಾಂಪಲ್ ತಿಂಗಳಿಗೆ ಎಷ್ಟು, ಯಂತ್ರ ನಿಂತ ದಿನ ಎಷ್ಟು? ಪೋರ್ಟಲ್ ಇದನ್ನು ಬಳಕೆದಾರರ ಕಣ್ಣೆದುರೇ ಇಟ್ಟರೆ ಅರ್ಧ ಫೋನ್ ಕರೆ ಉಳಿಯುತ್ತದೆ.

ಅಂದಹಾಗೆ, ಪ್ರಬಂಧ ಪ್ರಕಟವಾದಾಗ ಉಪಕರಣ ಕೇಂದ್ರದ ಹೆಸರು ಹಾಕಿ, ಒಂದು ಪ್ರತಿ ಕಳಿಸಿ. ಮುಂದಿನ ಅನುದಾನ ಕೇಳುವಾಗ ಅವರ ಕೈಯಲ್ಲಿರುವ ಲೆಕ್ಕ ಅದೇ.